ಮೊಸರನ್ನದ ಮನೆಯ ಬೆಕ್ಕು: ಆಹಾರಕ್ಕೂ ಹಲ್ಲಿನ ಆರೋಗ್ಯಕ್ಕೂ ಇರುವ ನಂಟು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ತಿಳಿಯದ ಕನ್ನಡಿಗರ ಮನೆ ಇರಲಾರದು. ಇಲಿಗಳ ಕಾಟ ತಡೆಯಲು ಅರಸನು ಮನೆಗೊಂದು ಬೆಕ್ಕನ್ನೂ, ಅದಕ್ಕೆ ಹಾಲುಣಿಸಲೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ; ಬಾಯಿ ಸುಟ್ಟುಕೊಂಡ ಬೆಕ್ಕು ಅಂದಿನಿಂದ ಹಾಲಿನ ಬಟ್ಟಲನ್ನು ಕಂಡರೆ ಓಟ ಕೀಳುತ್ತಿತ್ತು. ನಾವೆಲ್ಲರೂ ಮಕ್ಕಳಿಗೆ ಈ ಕಥೆಯನ್ನು ಹೇಳಿ ನಗಿಸಿದ್ದೇವೆ. ಆದರೆ ಬಟ್ಟಲಿನ ಬಳಿಗೆ ಆಸೆಯಿಂದ ಬಂದು, ಒಮ್ಮೆ ಮೂಸಿ, ಹಿಂದೆ ಸರಿದು ಹೋಗುವ ಬೆಕ್ಕು ಕಥೆಯಲ್ಲಿ ಮಾತ್ರವಲ್ಲ, ನಮ್ಮ ನಿಮ್ಮ ಮನೆಗಳಲ್ಲಿಯೂ ಉಂಟು. 'ಇದಕ್ಕೆ ಸೊಕ್ಕು, ದಿನಕ್ಕೊಂದು ರುಚಿ ಬೇಕು' ಎಂದು ನಾವು ಗದರುತ್ತೇವೆ. ಅನೇಕ ವೇಳೆ ಕಾರಣ ಸೊಕ್ಕಲ್ಲ, ಹಲ್ಲುನೋವು.

ಎಗ್ಮೋರ್, ವೇಪೇರಿ, ಪುರಸವಾಕ್ಕಂ ಭಾಗಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಸಸ್ಯಾಹಾರದ ಮನೆಗಳು ಬಹಳ. ಕೆ. ಸೀತಾರಾಮ ರಾಯರ ದಾಸಪ್ರಕಾಶ್ ಹೋಟೆಲು ಪೂನಮಲ್ಲಿ ಹೈರೋಡಿನಲ್ಲಿ ಇದ್ದ ಕಾಲದಿಂದಲೂ ಈ ಬಡಾವಣೆಗೆ ಉಡುಪಿ ಅಡುಗೆಯ ಪರಿಮಳ ಹೊಸತಲ್ಲ. ಇಂಥ ಮನೆಗಳಲ್ಲಿ ಬೆಕ್ಕಿಗೆ ಸಿಗುವುದು ಮನೆಮಂದಿ ಉಣ್ಣುವುದೇ: ಬೆಳಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ತುಪ್ಪ ಕಲಸಿದ ಅನ್ನ. ಮಾಂಸಾಹಾರದ ಮನೆಗಳಲ್ಲಾದರೆ ಮೀನಿನ ತಲೆ, ಕೋಳಿಯ ಮೂಳೆ. ಇತ್ತೀಚಿನ ವರ್ಷಗಳಲ್ಲಿ ಅಂಗಡಿಯ ಡ್ರೈ ಫುಡ್ ಪೊಟ್ಟಣಗಳೂ ಬಂದಿವೆ. ಇವುಗಳಲ್ಲಿ ಯಾವುದು ಹಲ್ಲಿಗೆ ಹಿತ, ಯಾವುದು ಅಹಿತ ಎಂಬ ಬಗ್ಗೆ ನಮ್ಮಲ್ಲಿ ಅನೇಕ ನಂಬಿಕೆಗಳಿವೆ. ಅವುಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ಅವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೂವತ್ತು ಹಲ್ಲುಗಳ ಬಾಯಿ

ಮನುಷ್ಯನಿಗೆ ಮೂವತ್ತೆರಡು ಹಲ್ಲುಗಳಾದರೆ ನಾಯಿಗೆ ನಲವತ್ತೆರಡು, ಬೆಕ್ಕಿಗೆ ಮೂವತ್ತು. ಮರಿಗೆ ಮೂರು ನಾಲ್ಕು ವಾರವಾಗುವಾಗ ಹಾಲುಹಲ್ಲುಗಳು ಮೂಡತೊಡಗುತ್ತವೆ. ಅವು ಒಟ್ಟು ಇಪ್ಪತ್ತಾರು. ಆರು ತಿಂಗಳು ತುಂಬುವಷ್ಟರಲ್ಲಿ ಅವು ಉದುರಿ ಶಾಶ್ವತ ಹಲ್ಲುಗಳು ಬಂದಿರುತ್ತವೆ. ಉದುರಿದ ಹಾಲುಹಲ್ಲನ್ನು ಮರಿಯು ಆಹಾರದೊಡನೆ ನುಂಗಿಬಿಡುವುದರಿಂದ ನಮಗೆ ಅದು ಗೊತ್ತಾಗುವುದೇ ಇಲ್ಲ.

ಈ ಮೂವತ್ತರಲ್ಲಿ ಹನ್ನೆರಡು ಪುಟ್ಟ ಬಾಚಿಹಲ್ಲುಗಳು, ನಾಲ್ಕು ಕೋರೆಹಲ್ಲುಗಳು, ಉಳಿದ ಹದಿನಾಲ್ಕು ದವಡೆಯ ಹಲ್ಲುಗಳು. ನಮ್ಮ ದವಡೆಹಲ್ಲು ಒರಳಿನಂತೆ ಅಗಲವಾಗಿದ್ದು ಅಕ್ಕಿ, ಬೇಳೆಗಳನ್ನು ಅರೆಯಲು ತಕ್ಕುದಾಗಿದೆ. ಬೆಕ್ಕಿನ ದವಡೆಹಲ್ಲು ಹಾಗಲ್ಲ. ಮೇಲಿನದೂ ಕೆಳಗಿನದೂ ಕತ್ತರಿಯ ಎರಡು ಅಲಗುಗಳಂತೆ ಒಂದರ ಪಕ್ಕ ಒಂದು ಸರಿದು ಮಾಂಸವನ್ನು ತುಂಡರಿಸುತ್ತವೆ. ಅದರ ದವಡೆಯು ಮೇಲೆ ಕೆಳಗೆ ಚಲಿಸುವುದೇ ಹೊರತು ಹಸುವಿನ ದವಡೆಯಂತೆ ಅಕ್ಕಪಕ್ಕ ಆಡುವುದು ಅತ್ಯಲ್ಪ. ಎಂದರೆ ಬೆಕ್ಕು ಅಗಿಯುವ ಪ್ರಾಣಿಯಲ್ಲ, ಕತ್ತರಿಸಿ ನುಂಗುವ ಪ್ರಾಣಿ.

ಹುಲಿಯ ಬಾಯಲ್ಲಿಯೂ ಹಲ್ಲುಗಳು ಮೂವತ್ತೇ. ಮದರಾಸಿನ ಮೃಗಾಲಯವು ಹುಟ್ಟಿದ್ದು ಎಗ್ಮೋರಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು. ಪಾಂಥಿಯನ್ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ಎಡ್ವರ್ಡ್ ಬಾಲ್ಫೋರ್ ಅವರು 1855ರಲ್ಲಿ ಅದನ್ನು ಆರಂಭಿಸಿದರು. ಅಂಥ ಮೃಗಾಲಯದ ಹುಲಿಗೆ ಮೊಸರನ್ನ ಹಾಕುವ ಯೋಚನೆ ಯಾರಿಗೂ ಬಾರದು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಾಲ ಸುತ್ತಿ ಕುಳಿತಿರುವುದು ಅದೇ ಬಳಗದ ಜೀವಿ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಸಿಹಿ ತಿಳಿಯದ ನಾಲಿಗೆ, ಹುಳುಕಾಗದ ಹಲ್ಲು

ಮಕ್ಕಳ ವಿಷಯದಲ್ಲಿ ನಾವು ಕಲಿತ ಪಾಠವೆಂದರೆ, ಸಿಹಿ ತಿಂದರೆ ಹಲ್ಲು ಹುಳುಕಾಗುತ್ತದೆ ಎಂಬುದು. ಆ ಪಾಠವನ್ನೇ ಬೆಕ್ಕಿಗೂ ಅನ್ವಯಿಸಿ, ಅನ್ನ ಹಾಲುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಯಿಂದ ಅದರ ಹಲ್ಲು ಹಾಳಾಗುತ್ತದೆ ಎಂದು ಭಾವಿಸುವವರಿದ್ದಾರೆ. ವಾಸ್ತವವಾಗಿ, ನಮ್ಮಲ್ಲಿ ಕಾಣುವಂಥ ಹುಳುಕುಹಲ್ಲು ಬೆಕ್ಕುಗಳಲ್ಲಿ ಇಲ್ಲವೆಂದೇ ಹೇಳಬಹುದು. ಆಹಾರವು ನಿಂತು ಕೊಳೆಯಲು ಅನುಕೂಲವಾದ ಅಗಲವಾದ ಹಳ್ಳಗಳು ಅವುಗಳ ಹಲ್ಲುಗಳ ಮೇಲಿಲ್ಲ. ಅವುಗಳ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಹಲ್ಲನ್ನು ಕೊರೆಯುವ ಆಮ್ಲಕ್ಕೆ ಅಲ್ಲಿ ಬಲ ಕಡಿಮೆ. ಪಿಷ್ಟವನ್ನು ಬಾಯಲ್ಲಿಯೇ ಸಕ್ಕರೆಯಾಗಿಸುವ ಕಿಣ್ವವೂ ಅವುಗಳ ಜೊಲ್ಲಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ.

ಇನ್ನೂ ಒಂದು ಸ್ವಾರಸ್ಯವಿದೆ. ಬೆಕ್ಕಿಗೆ ಸಿಹಿರುಚಿಯೇ ತಿಳಿಯದು. ಅಮೆರಿಕದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಶೋಧನ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು: ಸಿಹಿಯನ್ನು ಗುರುತಿಸಲು ಬೇಕಾದ ಎರಡು ಜೀನುಗಳಲ್ಲಿ ಒಂದು ಬೆಕ್ಕಿನ ಕುಲದಲ್ಲಿ ಕೆಟ್ಟು ನಿಷ್ಕ್ರಿಯವಾಗಿದೆ. ಹಬ್ಬದ ದಿನ ಪಾಯಸದ ಪಾತ್ರೆಗೆ ಬೆಕ್ಕು ಬಾಯಿ ಹಾಕಿದರೆ ಅದು ಬಯಸುವುದು ಬೆಲ್ಲವನ್ನಲ್ಲ, ಹಾಲು ತುಪ್ಪಗಳ ಕೊಬ್ಬನ್ನು.

ಹಾಗಾದರೆ ಬೆಕ್ಕಿನ ಹಲ್ಲಿಗೆ ಚಿಂತೆಯಿಲ್ಲವೇ? ಇದೆ. ಆದರೆ ಆಪತ್ತು ಬರುವುದು ಬೇರೆ ದಾರಿಯಿಂದ.

ಪಾಚಿ, ಕಿಟ್ಟ, ಒಸಡು

ಯಾವ ಆಹಾರವನ್ನೇ ತಿನ್ನಲಿ, ಕೆಲವು ಗಂಟೆಗಳಲ್ಲಿ ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳ ತೆಳುವಾದ, ಅಂಟಾದ ಪದರವೊಂದು ಕಟ್ಟುತ್ತದೆ. ಇದನ್ನೇ ನಾವು ಹಲ್ಲಿನ ಪಾಚಿ ಎನ್ನುತ್ತೇವೆ. ವೈದ್ಯರು ಪ್ಲಾಕ್ ಎನ್ನುತ್ತಾರೆ. ಇದನ್ನು ಒರೆಸಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಎರಡು ಮೂರು ದಿನಗಳಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಕೋರೆಹಲ್ಲಿನ ಬುಡದಲ್ಲಿಯೂ, ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲಿನ ಮೇಲೂ ಕಾಣುವ ಹಳದಿ ಅಥವಾ ಕಂದು ಬಣ್ಣದ ಗಡಸು ಪದರ ಇದೇ. ಇದು ಕಿಟ್ಟ, ಎಂದರೆ ಟಾರ್ಟರ್. ಹುಳುಕಿನಿಂದ ಕಾಪಾಡುವ ಕ್ಷಾರೀಯ ಜೊಲ್ಲೇ ಕಿಟ್ಟವು ಬೇಗ ಕಟ್ಟಲು ನೆರವಾಗುತ್ತದೆ ಎಂಬುದು ವಿಪರ್ಯಾಸ.

ನೋಡಲು ಅಸಹ್ಯವಾದುದು ಕಿಟ್ಟವಾದರೂ ನಿಜವಾದ ವೈರಿ ಪಾಚಿ. ಒಸಡಿನ ಅಂಚಿನಲ್ಲಿ ಕುಳಿತ ಪಾಚಿಯ ಸೂಕ್ಷ್ಮಜೀವಿಗಳಿಂದ ಮೊದಲು ಒಸಡು ಕೆಂಪಾಗಿ ಊದುತ್ತದೆ. ಈ ಹಂತದಲ್ಲಿ ಶುಚಿಮಾಡಿದರೆ ಒಸಡು ಮರಳಿ ಸರಿಹೋಗುತ್ತದೆ. ಅಲಕ್ಷಿಸಿದರೆ ಉರಿಯೂತವು ಒಸಡಿನ ಕೆಳಕ್ಕಿಳಿದು ಹಲ್ಲನ್ನು ಹಿಡಿದಿರುವ ತಂತುಗಳನ್ನೂ, ದವಡೆಮೂಳೆಯನ್ನೂ ಸವೆಸುತ್ತದೆ. ಹೀಗೆ ಹೋದ ಮೂಳೆ ಮತ್ತೆ ಬಾರದು. ಹಲ್ಲು ಸಡಿಲವಾಗುತ್ತದೆ, ಬಾಯಿ ನಾರುತ್ತದೆ. ನಾಲ್ಕು ವರ್ಷ ಮೀರಿದ ಬೆಕ್ಕುಗಳಲ್ಲಿ ನೂರಕ್ಕೆ 50ರಿಂದ 90ರಷ್ಟಕ್ಕೆ ಯಾವುದಾದರೊಂದು ಬಗೆಯ ಹಲ್ಲಿನ ರೋಗವಿರುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕುಗಳ ಆರೋಗ್ಯ ಕೇಂದ್ರವು ಹೇಳುತ್ತದೆ. 'ಬೆಕ್ಕಿನ ಬಾಯಿ ನಾರುವುದು ಸಹಜ' ಎಂಬ ಮಾತು ಹೀಗೆ ರೋಗವು ಸಾಮಾನ್ಯವಾಗಿರುವುದರಿಂದ ಹುಟ್ಟಿದ್ದು. ಆರೋಗ್ಯವಂತ ಬೆಕ್ಕಿನ ಬಾಯಿ ದುರ್ನಾತ ಬೀರುವುದಿಲ್ಲ.

ಇನ್ನೊಂದು ರೋಗದಲ್ಲಿ ಬೆಕ್ಕಿನ ದೇಹವೇ ತನ್ನ ಹಲ್ಲನ್ನು ಒಳಗಿನಿಂದ ಕರಗಿಸಿಕೊಳ್ಳುತ್ತದೆ. ಒಸಡಿನ ಅಂಚಿನಲ್ಲಿ ಹಲ್ಲು ಕೊರೆದಂತಾಗಿ, ಆ ಜಾಗಕ್ಕೆ ಒಸಡು ಏರಿ ಬಂದಂತೆ ಕಾಣುತ್ತದೆ. ಇದನ್ನು ಹುಳುಕೆಂದು ಭ್ರಮಿಸುವುದುಂಟು, ಆದರೆ ಇದು ಹುಳುಕಲ್ಲ. ಸಿಮೆಂಟು ತುಂಬಿ ಮುಚ್ಚುವುದರಿಂದ ವಾಸಿಯಾಗದು, ಸಾಮಾನ್ಯವಾಗಿ ಹಲ್ಲನ್ನು ಕೀಳಬೇಕಾಗುತ್ತದೆ. ಇದರ ಮೂಲಕಾರಣ ವಿಜ್ಞಾನಕ್ಕೆ ಇನ್ನೂ ದಕ್ಕಿಲ್ಲ. ಆಹಾರದ ಮೇಲೆ ಸಂಶಯಪಟ್ಟು ನಡೆಸಿದ ಅಧ್ಯಯನಗಳು ಖಚಿತ ಉತ್ತರ ಕೊಟ್ಟಿಲ್ಲ. ಆದ್ದರಿಂದ ಇಂಥ ರೋಗ ಬಂದ ಬೆಕ್ಕಿನ ಮನೆಯವರು 'ನಾವು ಹಾಕಿದ ಅನ್ನದಿಂದಲೇ ಹೀಗಾಯಿತು' ಎಂದು ಮರುಗಬೇಕಾದುದಿಲ್ಲ.

ಮೊಸರನ್ನದ ಬಟ್ಟಲು

ಈಗ ನಮ್ಮ ಮನೆಯ ಬಟ್ಟಲಿಗೆ ಬರೋಣ. ಹಾಲು, ಮೊಸರು ಮತ್ತು ಅನ್ನ ಬೆಕ್ಕಿನ ಹಲ್ಲನ್ನು ಹುಳುಕು ಮಾಡುವುದಿಲ್ಲವೆಂದು ತಿಳಿದೆವು. ಆದರೂ ಇದು ಹಲ್ಲಿಗೆ ಹಿತವಾದ ಆಹಾರವಲ್ಲ. ಮೆದ್ದಾಗಿ ಕಲಸಿದ ಅನ್ನವನ್ನು ಬೆಕ್ಕು ಕತ್ತರಿಸಬೇಕಾಗಿಲ್ಲ. ನಾಲಿಗೆಯಿಂದ ನೆಕ್ಕಿ ನುಂಗುತ್ತದೆ. ಹಲ್ಲಿಗೆ ಯಾವ ಉಜ್ಜುವಿಕೆಯೂ ಆಗದೆ ಪಾಚಿ ಹಾಗೆಯೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಪೋಷಣೆಯದು. ಬೆಕ್ಕು ಮಾಂಸದಿಂದಲೇ ಪಡೆಯಬೇಕಾದ ಟಾರಿನ್ ಎಂಬ ವಸ್ತು ಅನ್ನದಲ್ಲಿಲ್ಲ, ಹಾಲಿನಲ್ಲಿ ತೀರ ಅಲ್ಪ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಕುರುಡಾಗುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿಯೂ ಸಂಶೋಧಕರು ತೋರಿಸಿಕೊಟ್ಟರು. ಪ್ರೋಟೀನು ಸಾಲದ ದೇಹದಲ್ಲಿ ಗಾಯ ಮಾಯುವುದೂ ನಿಧಾನ, ಸೋಂಕನ್ನು ಎದುರಿಸುವ ಬಲವೂ ಕುಂದು. ಒಸಡಿನ ರೋಗವೆಂದರೆ ಪಾಚಿಗೂ ದೇಹದ ರಕ್ಷಣಾಬಲಕ್ಕೂ ನಡೆಯುವ ಹೋರಾಟ. ಆ ಹೋರಾಟದಲ್ಲಿ ಮೊಸರನ್ನದ ಬೆಕ್ಕು ಬರಿಗೈಯಲ್ಲಿ ನಿಂತಿರುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯೂ ಇಳಿದಿರುವುದರಿಂದ ಹಲವಕ್ಕೆ ಹಾಲು ಭೇದಿಯನ್ನು ತರುತ್ತದೆ. ಹುಳಿ, ಸಾರು, ಪಲ್ಯಗಳನ್ನು ಕಲಸಿದ ಅನ್ನವಂತೂ ಬೇಡವೇ ಬೇಡ. ಈರುಳ್ಳಿ ಮತ್ತು ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುವ ವಿಷ.

ಬರೀ ಮಾಂಸ, ಬರೀ ಮೀನು

ಹಾಗೆಂದು ಮಾಂಸದ ತುಂಡುಗಳನ್ನಷ್ಟೇ ಹಾಕಿದರೆ ಸರಿಹೋಯಿತೆಂದು ತಿಳಿಯಬಾರದು. ಕಾಡಿನ ಬೆಕ್ಕು ಇಲಿಯನ್ನು ತಿನ್ನುವಾಗ ಮೂಳೆ ಸಮೇತ ತಿನ್ನುತ್ತದೆ. ಸುಣ್ಣದಂಶ ಅದಕ್ಕೆ ಅಲ್ಲಿಂದ ಬರುತ್ತದೆ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ಹೇರಳ, ಸುಣ್ಣ ಅದರ ಹದಿನೈದರಲ್ಲೊಂದು ಪಾಲಿನಷ್ಟೂ ಇರುವುದು ಕಷ್ಟ. ಈಲಿಯಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಬೆಳೆಯುವ ಮರಿಗೆ ತಿಂಗಳುಗಟ್ಟಲೆ ಬರಿಯ ಮಾಂಸ ಅಥವಾ ಈಲಿಯನ್ನೇ ಹಾಕಿದರೆ, ರಕ್ತಕ್ಕೆ ಬೇಕಾದ ಸುಣ್ಣವನ್ನು ದೇಹವು ತನ್ನ ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ. ದವಡೆಮೂಳೆ ಮೆತ್ತಗಾಗಿ ಹಲ್ಲುಗಳು ಅಲುಗುತ್ತವೆ, ಕಾಲಿನ ಮೂಳೆಗಳು ಸುಲಭವಾಗಿ ಮುರಿಯುತ್ತವೆ. ಹಲ್ಲು ಗಟ್ಟಿಯಾಗಲೆಂದು ಕೊಟ್ಟ ಮಾಂಸವೇ ಹಲ್ಲನ್ನು ಸಡಿಲಿಸುವ ಪರಿ ಇದು. ಹಾಗೆಂದು ಮನೆಯಲ್ಲಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಅಂದಾಜಿನಲ್ಲಿ ಪುಡಿಮಾಡಿ ಹಾಕುವುದೂ ಸಲ್ಲದು. ಅಳತೆಯನ್ನು ಪಶುವೈದ್ಯರೇ ಹೇಳಬೇಕು.

ಬೇಯಿಸಿದ ಕೋಳಿಮೂಳೆ ಸೀಳಿ ಚೂಪಾಗುತ್ತದೆ. ಅದು ಒಸಡಿಗೆ, ಗಂಟಲಿಗೆ ಚುಚ್ಚಬಹುದು, ಕರುಳನ್ನು ಕತ್ತರಿಸಬಹುದು. ಗಟ್ಟಿ ಮೂಳೆಯನ್ನು ಕಡಿಯುವಾಗ ಕೋರೆಹಲ್ಲು ಮುರಿಯುವುದೂ ಉಂಟು. ಚಿಂತಾದ್ರಿಪೇಟೆಯ ಮೀನುಮಾರುಕಟ್ಟೆ ಎಗ್ಮೋರಿಗೆ ಸಮೀಪವಾದುದರಿಂದ ನಮ್ಮ ಭಾಗದ ಬೆಕ್ಕುಗಳಿಗೆ ಮೀನಿನ ಭಾಗ್ಯ ಹೆಚ್ಚು. ಆದರೆ ಮೀನಿನ ಮುಳ್ಳು ಹಲ್ಲುಗಳ ಸಂದಿಯಲ್ಲಿ ಸಿಕ್ಕಿ ಕೀವಾಗುವುದುಂಟು. ಕೆಲವು ಜಾತಿಯ ಹಸಿಮೀನುಗಳಲ್ಲಿ ಬಿ1 ಜೀವಸತ್ತ್ವವನ್ನು ನಾಶಮಾಡುವ ಕಿಣ್ವವಿದೆ; ಬೇಯಿಸಿದರೆ ಅದು ಅಳಿಯುತ್ತದೆ. ಆದ್ದರಿಂದ ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ವಾರಕ್ಕೆ ಒಂದೆರಡು ಬಾರಿ ಕೊಟ್ಟರೆ ಸಾಕು.

ಹಸಿಮಾಂಸವೇ ಬೆಕ್ಕಿನ ಹಲ್ಲಿಗೆ ಸಂಜೀವಿನಿ ಎನ್ನುವವರು ಸಾಮಾನ್ಯವಾಗಿ ಉದಾಹರಿಸುವುದು ಕ್ಯಾಲಿಫೋರ್ನಿಯಾದ ವೈದ್ಯ ಫ್ರಾನ್ಸಿಸ್ ಪಾಟೆಂಜರ್ ಅವರು 1932ರಿಂದ 1942ರವರೆಗೆ ನಡೆಸಿದ ಪ್ರಯೋಗವನ್ನು. ಬೇಯಿಸಿದ ಮಾಂಸ ತಿಂದ ಬೆಕ್ಕುಗಳ ಸಂತತಿಯಲ್ಲಿ ದವಡೆ ಮತ್ತು ಹಲ್ಲುಗಳ ವಿಕಾರಗಳು ಕಂಡವು, ಹಸಿಮಾಂಸ ತಿಂದವು ಚೆನ್ನಾಗಿದ್ದವು ಎಂದು ಅವರು ಬರೆದರು. ಬೆಕ್ಕಿಗೆ ಟಾರಿನ್ ಬೇಕೇಬೇಕೆಂಬುದು ಆ ಕಾಲದಲ್ಲಿ ತಿಳಿದಿರಲಿಲ್ಲ. ಬೇಯಿಸುವಾಗ ಟಾರಿನ್ ನೀರಿಗಿಳಿದು ನಷ್ಟವಾಗುತ್ತದೆ. ಆ ಬೆಕ್ಕುಗಳ ದುಃಸ್ಥಿತಿಯಲ್ಲಿ ಇಂಥ ಕೊರತೆಯ ಪಾಲು ದೊಡ್ಡದೆಂದು ಇಂದಿನ ಪೋಷಣಾತಜ್ಞರು ಅರ್ಥೈಸುತ್ತಾರೆ. ಅದರಿಂದ ನಾವು ಕಲಿಯಬಹುದಾದುದು ಇಷ್ಟು: ಬೆಕ್ಕಿಗೆಂದು ಮಾಂಸ ಬೇಯಿಸಿದರೆ ಆ ನೀರನ್ನು ಚೆಲ್ಲದೆ ಆಹಾರದೊಡನೆಯೇ ಕೊಡಬೇಕು. ಚೆನ್ನೈಯ ಬಿಸಿಲಿನಲ್ಲಿ ಹಸಿಮಾಂಸವು ಬಹುಬೇಗ ಕೆಡುತ್ತದೆ. ಅದರಲ್ಲಿನ ರೋಗಾಣುಗಳು ಬೆಕ್ಕಿಗೂ, ಮನೆಯ ಮಕ್ಕಳು ಮತ್ತು ಗರ್ಭಿಣಿಯರಿಗೂ ಅಪಾಯಕರ.

ಡ್ರೈ ಫುಡ್ ಹಲ್ಲುಜ್ಜುವ ಬ್ರಷ್ಷೇ?

'ಡ್ರೈ ಫುಡ್ ಕುರುಕುರು ಎಂದು ಅಗಿಯುವುದರಿಂದ ಹಲ್ಲು ತಾನೇ ಶುಚಿಯಾಗುತ್ತದೆ' ಎಂಬುದು ಇಂದು ಅತ್ಯಂತ ಪ್ರಚಲಿತವಾದ ನಂಬಿಕೆ. ಬಿಸ್ಕತ್ತು ತಿಂದು ನಮ್ಮ ಹಲ್ಲು ಶುಚಿಯಾದೀತೇ ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ. ಸಾಧಾರಣ ಡ್ರೈ ಫುಡ್ಡಿನ ಕಾಳು ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗುತ್ತದೆ. ಪಾಚಿ ಕುಳಿತಿರುವುದು ತುದಿಯಲ್ಲಲ್ಲ, ಒಸಡಿನ ಅಂಚಿನಲ್ಲಿ; ಅಲ್ಲಿಗೆ ಆ ಪುಡಿ ತಲುಪದು. ಹಲವು ಬೆಕ್ಕುಗಳು ಕಾಳನ್ನು ಕಡಿಯದೆ ಇಡಿಯಾಗಿಯೇ ನುಂಗುತ್ತವೆ. ಡ್ರೈ ಫುಡ್ ತಿನ್ನುವ ಬೆಕ್ಕುಗಳಲ್ಲಿ ಕಿಟ್ಟವು ತುಸು ಕಡಿಮೆ ಎಂದು ಕೆಲವು ಸಮೀಕ್ಷೆಗಳು ಹೇಳಿದರೆ, ಮತ್ತೆ ಕೆಲವು ಹೆಚ್ಚಿನ ವ್ಯತ್ಯಾಸವನ್ನು ಕಂಡಿಲ್ಲ.

ಪ್ರಕೃತಿಯ ಆಹಾರವೇ ಹಲ್ಲನ್ನು ಪೂರ್ಣವಾಗಿ ಕಾಯುವುದಿಲ್ಲವೆಂಬುದಕ್ಕೆ ದೂರದ ದ್ವೀಪವೊಂದರ ಸಾಕ್ಷ್ಯವಿದೆ. ದಕ್ಷಿಣ ಆಫ್ರಿಕಕ್ಕೆ ಸೇರಿದ, ಅಂಟಾರ್ಕ್ಟಿಕದ ದಿಕ್ಕಿನಲ್ಲಿರುವ ಮ್ಯಾರಿಯನ್ ದ್ವೀಪಕ್ಕೆ 1949ರಲ್ಲಿ ಇಲಿಗಳ ನಿಗ್ರಹಕ್ಕೆಂದು ಐದು ಬೆಕ್ಕುಗಳನ್ನು ತಂದರು. ಅವು ಕಾಡುಬಿದ್ದು, ಕಡಲಹಕ್ಕಿಗಳನ್ನು ಬೇಟೆಯಾಡುತ್ತ ಸಾವಿರಗಟ್ಟಲೆ ಹೆಚ್ಚಿದವು. ಹಕ್ಕಿಗಳನ್ನು ಉಳಿಸಲು ಕೊನೆಗೆ ಅವನ್ನು ನಿರ್ಮೂಲ ಮಾಡಬೇಕಾಯಿತು. ಆ ಬೆಕ್ಕುಗಳ ತಲೆಬುರುಡೆಗಳನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಿಟ್ಟ ಕಂಡುಬಂದದ್ದು ನೂರಕ್ಕೆ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಮಾತ್ರ. ಆದರೆ ಹಲ್ಲಿನ ಸುತ್ತಲಿನ ಮೂಳೆ ಸವೆಯುವ ರೋಗ ನೂರಕ್ಕೆ ಅರವತ್ತಕ್ಕೂ ಹೆಚ್ಚು ಬೆಕ್ಕುಗಳಲ್ಲಿತ್ತು. ಆಸ್ಟ್ರೇಲಿಯದ ಕಾಡುಬಿದ್ದ ಬೆಕ್ಕುಗಳನ್ನೂ ಸಾಕುಬೆಕ್ಕುಗಳನ್ನೂ ಹೋಲಿಸಿದ 1998ರ ಅಧ್ಯಯನವೂ ಇದನ್ನೇ ಹೇಳಿತು: ಬೇಟೆಯ ಆಹಾರದಿಂದ ಕಿಟ್ಟ ಕಡಿಮೆಯಾಗುತ್ತದೆ, ಒಸಡಿನ ರೋಗ ತಪ್ಪುವುದಿಲ್ಲ. ಬಿಳಿಯ ಹಲ್ಲು ಕಂಡ ಮಾತ್ರಕ್ಕೆ ಒಸಡು ಆರೋಗ್ಯವಾಗಿದೆ ಎನ್ನಲಾಗದು.

ಹಲ್ಲಿಗೆಂದೇ ತಯಾರಿಸಿದ ವಿಶೇಷ ಡ್ರೈ ಫುಡ್ ಮಾತ್ರ ಬೇರೆ ಬಗೆಯದು. ಇದರ ಕಾಳು ದೊಡ್ಡದು. ಒಳಗಿನ ನಾರು ಹಲ್ಲನ್ನು ಆಳಕ್ಕೆ ಇಳಿಯಗೊಟ್ಟು, ಹಲ್ಲಿನ ಮೈಯನ್ನು ಒರೆಸಿದ ಮೇಲೆ ಒಡೆಯುವಂತೆ ಹೆಣೆಯಲ್ಪಟ್ಟಿರುತ್ತದೆ. ಕೆಲವಕ್ಕೆ ಜೊಲ್ಲಿನ ಸುಣ್ಣದಂಶವನ್ನು ಹಿಡಿದಿಟ್ಟು ಕಿಟ್ಟವಾಗದಂತೆ ತಡೆಯುವ ಲವಣವನ್ನು ಲೇಪಿಸಿರುತ್ತಾರೆ. ಇಂಥ ಆಹಾರಗಳನ್ನು ಪರಿಶೀಲಿಸಿ ಮುದ್ರೆ ನೀಡುವ ಪಶುದಂತ ಆರೋಗ್ಯ ಮಂಡಳಿಯೊಂದು 1997ರಿಂದ ಅಮೆರಿಕದಲ್ಲಿದೆ. ಪೊಟ್ಟಣದ ಮೇಲೆ 'ವಿ.ಒ.ಎಚ್.ಸಿ.' ಎಂಬ ಮುದ್ರೆ ಇದ್ದರೆ ಪಾಚಿ ಅಥವಾ ಕಿಟ್ಟವನ್ನು ಕಡಿಮೆ ಮಾಡುವುದೆಂಬ ಹೇಳಿಕೆಗೆ ಪರೀಕ್ಷೆಯ ಆಧಾರವಿದೆ ಎಂದರ್ಥ. ಬರೀ ಡ್ರೈ ಫುಡ್ ಕೊಡುವವರು ನೀರಿನ ಕಡೆಗೂ ಗಮನವಿಡಬೇಕು. ಅದರಲ್ಲಿ ನೀರಿನಂಶ ನೂರಕ್ಕೆ ಹತ್ತರಷ್ಟು; ವೆಟ್ ಫುಡ್ಡಿನಲ್ಲಿ ಎಪ್ಪತ್ತೈದಕ್ಕೂ ಹೆಚ್ಚು. ಬೆಕ್ಕಿಗೆ ಬಾಯಾರಿಕೆ ಸ್ವಭಾವತಃ ಕಡಿಮೆ. ಎರಡನ್ನೂ ಬೆರೆಸಿ ಕೊಡುವುದು, ಎರಡು ಮೂರು ಕಡೆ ನೀರಿಡುವುದು ನಮ್ಮ ಊರಿನ ಸೆಕೆಗೆ ತಕ್ಕ ಕ್ರಮ.

ಸಸ್ಯಾಹಾರದ ಮನೆಯ ಧರ್ಮಸಂಕಟ

ನಮ್ಮ ಓದುಗರಲ್ಲಿ ಅನೇಕರಿಗೆ ಇಲ್ಲೊಂದು ಧರ್ಮಸಂಕಟ ಎದುರಾಗುವುದು ಸಹಜ. ಅಡುಗೆಮನೆಗೆ ಮೊಟ್ಟೆಯನ್ನೂ ತಾರದವರು ಬೆಕ್ಕಿಗಾಗಿ ಮಾಂಸ ಬೇಯಿಸುವುದೆಂತು? ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮನೆಯ ಆಚಾರ ಮನೆಯವರದು. ಆದರೆ ಸಸ್ಯಾಹಾರವೆಂಬ ವ್ರತವನ್ನು ನಾವು ಅರಿತು ಕೈಗೊಂಡಿದ್ದೇವೆ. ಬೆಕ್ಕು ಕೈಗೊಂಡಿಲ್ಲ, ಕೈಗೊಳ್ಳಲು ಅದರ ದೇಹ ಒಪ್ಪುವುದೂ ಇಲ್ಲ. ಅಹಿಂಸೆಯ ಹೆಸರಿನಲ್ಲಿ ನಮ್ಮನ್ನೇ ನಂಬಿದ ಜೀವಿಯನ್ನು ಮೆಲ್ಲಮೆಲ್ಲನೆ ಸೊರಗಿಸುವುದೂ ಹಿಂಸೆಯೇ ಅಲ್ಲವೇ?

ಅಂಗಡಿಯಲ್ಲಿ ದೊರೆಯುವ 'ಸಂಪೂರ್ಣ ಆಹಾರ'ವು ಈ ಸಂಕಟಕ್ಕೆ ಅನೇಕ ಮನೆಗಳು ಕಂಡುಕೊಂಡ ಮಧ್ಯಮಮಾರ್ಗ. ಅದರಲ್ಲಿ ಮಾಂಸವಿರುವುದು ನಿಜ, ಆದರೆ ಒಲೆಯ ಮೇಲೆ ಪಾತ್ರೆ ಏರಿಸಬೇಕಾದುದಿಲ್ಲ. ಬಾಲ್ಕನಿಯಲ್ಲಿ ಬೇರೆ ಬಟ್ಟಲಿಟ್ಟು, ಬೇರೆ ಚಮಚದಿಂದ ಬಡಿಸಿ, ಅಲ್ಲಿಯೇ ತೊಳೆಯುವ ಏರ್ಪಾಡು ಮಾಡಿಕೊಳ್ಳಬಹುದು. ಪೊಟ್ಟಣದ ಮೇಲೆ ಬೆಕ್ಕಿನ ವಯಸ್ಸಿಗೆ ತಕ್ಕ 'ಸಂಪೂರ್ಣ ಮತ್ತು ಸಮತೋಲಿತ' ಆಹಾರವೆಂಬ ಮಾತು ಇರಬೇಕು. ಕೃತಕ ಟಾರಿನ್ ಸೇರಿಸಿದ ಸಸ್ಯಮೂಲದ ಆಹಾರಗಳೂ ವಿದೇಶಗಳಲ್ಲಿ ಬಂದಿವೆ. ಅವನ್ನು ಪಶುವೈದ್ಯರ ನಿಗಾ ಇಲ್ಲದೆ ಕೊಡಬಾರದು. ಅಜ್ಜಿ ಪ್ರೀತಿಯಿಂದ ಇಡುವ ಒಂದು ತುತ್ತು ಮೊಸರನ್ನವನ್ನು, ಬೆಕ್ಕಿಗೆ ಅದು ಒಗ್ಗುವುದಾದರೆ, ತಡೆಯಬೇಕಾಗಿಲ್ಲ. ಅದು ಪ್ರಸಾದದಂತಿರಲಿ, ಊಟವಾಗದಿರಲಿ.

ಹಲ್ಲುಜ್ಜುವುದೇ ಪರಮೌಷಧ

ಯಾವ ಆಹಾರವೂ ಪಾಚಿಯನ್ನು ಪೂರ್ತಿ ತೆಗೆಯದು, ತೆಗೆಯಬಲ್ಲುದು ಬ್ರಷ್. ಬೆಕ್ಕಿಗೆ ಹಲ್ಲುಜ್ಜುವುದೆಂದರೆ ಹಲವರಿಗೆ ನಗು ಬರುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಚರ್ಚಿಸಿದಂತೆ, ಈ ಕೆಲಸ ಯಾರದೆಂದು ಮನೆಯಲ್ಲಿ ಚರ್ಚೆಯೂ ಆಗಬಹುದು. ತಾಳ್ಮೆಯಿದ್ದರೆ ಇದು ಸಾಧ್ಯ, ಅದರಲ್ಲಿಯೂ ಮರಿಯಾಗಿರುವಾಗಲೇ ಆರಂಭಿಸಿದರೆ ಸುಲಭ.

ಮೊದಲ ಕೆಲವು ದಿನ ಬೆಕ್ಕು ಮಡಿಲಲ್ಲಿ ನೆಮ್ಮದಿಯಾಗಿರುವಾಗ ಕೆನ್ನೆ ಮತ್ತು ತುಟಿಗಳನ್ನು ಸವರಬೇಕು. ಬಳಿಕ ಬೆಕ್ಕಿಗೆಂದೇ ಸಿಗುವ, ಕೋಳಿ ಅಥವಾ ಮೀನಿನ ರುಚಿಯ ಪೇಸ್ಟನ್ನು ಬೆರಳಿಗೆ ಹಚ್ಚಿ ನೆಕ್ಕಗೊಡಬೇಕು. ಆಮೇಲೆ ಬೆರಳಿಗೆ ತೆಳುಬಟ್ಟೆ ಸುತ್ತಿ ತುಟಿಯೆತ್ತಿ ಹಲ್ಲಿನ ಹೊರಮೈಯನ್ನು ಒರೆಸಬೇಕು. ಎರಡು ಮೂರು ವಾರಗಳಲ್ಲಿ ಪುಟ್ಟ ಬ್ರಷ್ಷಿಗೆ ಬರಬಹುದು. ಒಳಮೈಯನ್ನು ಅದರ ಒರಟು ನಾಲಿಗೆಯೇ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಹೊರಮೈ, ಒಸಡಿನ ಅಂಚು ಮತ್ತು ಹಿಂದಿನ ದೊಡ್ಡ ಹಲ್ಲುಗಳು ನಮ್ಮ ಪಾಲು. ಒಂದೊಂದು ಪಕ್ಕಕ್ಕೆ ಅರ್ಧ ನಿಮಿಷ ಸಾಕು. ದಿನವೂ ಮಾಡುವುದು ಉತ್ತಮ, ದಿನ ಬಿಟ್ಟು ದಿನ ಮಧ್ಯಮ. ಪಾಚಿಯು ಎರಡು ಮೂರು ದಿನಗಳಲ್ಲಿ ಕಿಟ್ಟವಾಗುವುದರಿಂದ ವಾರಕ್ಕೊಮ್ಮೆ ಉಜ್ಜಿದರೆ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ಒಸಡು ಈಗಾಗಲೇ ಕೆಂಪಾಗಿದ್ದರೆ, ಮುಟ್ಟಿದರೆ ಬೆಕ್ಕು ಚೀರಿದರೆ ಉಜ್ಜಬಾರದು. ಮೊದಲು ಚಿಕಿತ್ಸೆ, ನಂತರ ಬ್ರಷ್.

ನಮ್ಮ ಮನೆಮದ್ದುಗಳ ಬಗ್ಗೆ ಇಲ್ಲಿ ಒತ್ತಿ ಹೇಳಬೇಕಾದ ಮಾತಿದೆ. ನಾವು ಬಳಸುವ ಟೂತ್‌ಪೇಸ್ಟ್ ಬೆಕ್ಕಿಗೆ ಸಲ್ಲದು. ಅದು ಉಗುಳಲಾರದು, ಪೇಸ್ಟಿನ ಫ್ಲೋರೈಡನ್ನೂ ನೊರೆಯನ್ನೂ ನುಂಗಿಬಿಡುತ್ತದೆ. ಉಪ್ಪು, ಇದ್ದಿಲುಪುಡಿಗಳು ಬೇಡ. ಹಲ್ಲುನೋವೆಂದರೆ ನಮಗೆ ಮೊದಲು ನೆನಪಾಗುವ ಲವಂಗದ ಎಣ್ಣೆ ಬೆಕ್ಕಿನ ಪಾಲಿಗೆ ವಿಷ. ಅದನ್ನು ಜೀರ್ಣಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಈಲಿಗಿಲ್ಲ. ಎಲ್ಲಕ್ಕಿಂತ ಘೋರವಾದುದು ಪ್ಯಾರಸಿಟಮಾಲ್. ಜ್ವರಕ್ಕೆ ನಾವು ನುಂಗುವ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲುದು. ನೋವಿನ ಯಾವ ಔಷಧವನ್ನೂ ಪಶುವೈದ್ಯರು ಹೇಳದೆ ಕೊಡಬಾರದು.

ಬಟ್ಟಲಿನ ಬಳಿ ಕಾಣುವ ಲಕ್ಷಣಗಳು

ಬೆಕ್ಕು ನೋವನ್ನು ಹೇಳಿಕೊಳ್ಳುವುದಿಲ್ಲ, ಮರೆಮಾಚುತ್ತದೆ. ತಾನು ದುರ್ಬಲನೆಂದು ಶತ್ರುವಿಗೆ ತಿಳಿಯಬಾರದೆಂಬುದು ಅದರ ಹುಟ್ಟುಗುಣ. ಹಲ್ಲುನೋವಿದ್ದರೂ ಹಸಿವು ತಡೆಯಲಾರದೆ ತಿನ್ನುತ್ತಲೇ ಇರುತ್ತದೆ. ಆದ್ದರಿಂದ 'ತಿನ್ನುತ್ತಿದೆಯಲ್ಲ, ಹಾಗಾದರೆ ನೋವಿಲ್ಲ' ಎಂಬ ತರ್ಕ ಸರಿಯಲ್ಲ. ತಿನ್ನುವ ರೀತಿಯನ್ನು ನೋಡಬೇಕು. ತಲೆಯನ್ನು ಓರೆಮಾಡಿ ಒಂದೇ ಪಕ್ಕದಲ್ಲಿ ಕಡಿಯುವುದು, ತುತ್ತನ್ನು ಬಾಯಿಂದ ಕೆಳಗೆ ಬೀಳಿಸುವುದು, ಕಾಳುಗಳನ್ನು ಬಿಟ್ಟು ಮೆದುವಾದುದನ್ನೇ ಹುಡುಕುವುದು, ಬಟ್ಟಲಿನೆದುರು ಗುರುಗುಟ್ಟಿ ಓಡಿಹೋಗುವುದು, ಜೊಲ್ಲು ಸುರಿಸುವುದು, ಮುಂಗಾಲಿನಿಂದ ಮುಖ ಕೆರೆದುಕೊಳ್ಳುವುದು, ಮೈ ನೆಕ್ಕಿಕೊಳ್ಳದೆ ರೋಮ ಜಡೆಗಟ್ಟುವುದು, ಇವೆಲ್ಲ ಬಾಯಿನೋವಿನ ಚಿಹ್ನೆಗಳು. ಮೊಸರನ್ನದ ಮನೆಯಲ್ಲಿ ಇದನ್ನು ಗುರುತಿಸುವುದು ಇನ್ನಷ್ಟು ಕಷ್ಟ. ಮೆದುವಾದ ಅನ್ನವನ್ನು ಹಲ್ಲಿಲ್ಲದ ಬೆಕ್ಕೂ ನೆಕ್ಕಬಲ್ಲುದು.

ಬೆಕ್ಕು ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಕೆಲವು ದಿನಗಳ ಉಪವಾಸದಿಂದಲೇ, ಮುಖ್ಯವಾಗಿ ದಪ್ಪನೆಯ ಬೆಕ್ಕುಗಳಲ್ಲಿ, ಈಲಿಯಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ. ಕಿಟ್ಟ ಕಟ್ಟಿದ ಹಲ್ಲನ್ನು ಶುಚಿಮಾಡಲು ಅರಿವಳಿಕೆ ಬೇಕಾಗುತ್ತದೆ. ಒಸಡಿನ ಕೆಳಗಿನದನ್ನು ಎಚ್ಚರದಲ್ಲಿರುವ ಬೆಕ್ಕಿನ ಬಾಯಲ್ಲಿ ತೆಗೆಯಲಾಗದು. ಅರಿವಳಿಕೆಯೆಂದರೆ ಹಿರಿಯರು ಅಂಜುವುದು ಸಹಜ. ರಕ್ತಪರೀಕ್ಷೆ ಮಾಡಿ, ವಯಸ್ಸನ್ನೂ ಮೂತ್ರಪಿಂಡಗಳ ಸ್ಥಿತಿಯನ್ನೂ ನೋಡಿಕೊಂಡು ವೈದ್ಯರು ನಿರ್ಧರಿಸುತ್ತಾರೆ. ಹಲ್ಲುಗಳನ್ನು ಕೀಳಬೇಕಾಗಿ ಬಂದರೂ ಎದೆಗುಂದಬೇಕಾಗಿಲ್ಲ. ನೋಯುವ ಹಲ್ಲಿಗಿಂತ ಇಲ್ಲದ ಹಲ್ಲು ಮೇಲು. ಒಸಡು ಮಾಯ್ದ ಮೇಲೆ ಅಂಥ ಬೆಕ್ಕುಗಳು ಮೊದಲಿಗಿಂತ ಚೆನ್ನಾಗಿ ಉಣ್ಣುತ್ತವೆ.

ಎಗ್ಮೋರಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು. 1903ರಲ್ಲಿ ಆರಂಭವಾಗಿ, ಈಗ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಂಗವಾಗಿರುವ ಮದರಾಸು ಪಶುವೈದ್ಯ ಕಾಲೇಜು ನೆರೆಯ ವೇಪೇರಿಯಲ್ಲಿಯೇ ಇದೆ. ಅದರ ಬೋಧನಾ ಆಸ್ಪತ್ರೆಗೆ ನಗರದ ಮೂಲೆಮೂಲೆಗಳಿಂದ ಜನ ತಮ್ಮ ಪ್ರಾಣಿಗಳನ್ನು ಕರೆತರುತ್ತಾರೆ. ಮೂರು ವರ್ಷ ತುಂಬಿದ ಬೆಕ್ಕಿನ ಬಾಯನ್ನು ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ನೋಡಿಸುವುದು ಒಳ್ಳೆಯದು. ಬೆಕ್ಕನ್ನು ಕೈಯಲ್ಲಿ ಹಿಡಿದು ಆಟೋ ಹತ್ತಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿ ಹಳೆಯ ಸೀರೆಯ ತುಂಡು ಹಾಸಿ ಒಯ್ಯಿರಿ.

ಇಷ್ಟನ್ನು ಓದಿದ ಮೇಲೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಸಂಜೆ ಬೆಕ್ಕು ಮಡಿಲಿಗೆ ಬಂದಾಗ ಅದರ ಮೇಲ್ತುಟಿಯನ್ನು ಮೆಲ್ಲನೆ ಎತ್ತಿ ನೋಡಿರಿ. ಹಲ್ಲಿನ ಬುಡದಲ್ಲಿ ಒಸಡು ತಿಳಿಗುಲಾಬಿಯಾಗಿದ್ದರೆ ಸಂತೋಷ. ಅಲ್ಲೊಂದು ಕೆಂಪುಗೆರೆ ಕಂಡರೆ ಬಟ್ಟಲಿನಲ್ಲಿರುವುದನ್ನು ಬದಲಿಸುವ ಮೊದಲು ವೈದ್ಯರಿಗೆ ತೋರಿಸಿರಿ.